ಗಂಟಲ ಗಡ್ಡೆಗೆ 'ಸೌಮ್ಯ' ಅಂತ ಬರೆಯಬಹುದೇ?

ಗೆಳೆಯರೇ,

ಕಲಬುರಗಿಯಲ್ಲಿ ಕಿವಿ-ಮೂಗು-ಗಂಟಲು ತೋರಿಸಲು ಬರುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಧ್ವನಿಪೆಟ್ಟಿಗೆಯಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳ ಬಗ್ಗೆ. ಡಾಕ್ಟರುಗಳು 'ಬಿನೈನ್' ಅಂದು ಮುಗಿಸುತ್ತಾರೆ. ಪತ್ರಿಕೆಗಳಲ್ಲಿ 'ಸೌಮ್ಯ', 'ನಿರಪಾಯಕಾರಿ' ಅಂತ ಬರುತ್ತದೆ. ಎರಡೂ ನನಗೆ ಒಗ್ಗುತ್ತಿಲ್ಲ.

ಬೆನ್ನ ಮೇಲೆ ಕೊಬ್ಬಿನ ಗಡ್ಡೆ ಇದ್ದರೆ ವರ್ಷಗಟ್ಟಲೆ ಸುಮ್ನೆ ಬಿಡಬಹುದು. ಅದೇ ಗಡ್ಡೆ ಧ್ವನಿಪೆಟ್ಟಿಗೆಯಲ್ಲಿ ಬೆಳೆದರೆ ಉಸಿರಿನ ದಾರಿಗೇ ಅಡ್ಡ. ಕಾಂಡ್ರೋಮಾ ಅಂತ ಮೆದು ಎಲುಬಿನ ಗಡ್ಡೆ ಒಂದಿದೆ, ಬಹಳ ಅಪರೂಪ. ಹೆಚ್ಚಾಗಿ ಕ್ರಿಕಾಯ್ಡ್ ಎಂಬ ಉಂಗುರದಂಥ ಮೆದು ಎಲುಬಿನ ಹಿಂಭಾಗದಲ್ಲಿ ನಿಧಾನಕ್ಕೆ ಬೆಳೆಯುತ್ತದೆ. ಮೊದಲು ದನಿ ಗೊಗ್ಗರಾಗುತ್ತದೆ, ಆಮೇಲೆ ಮೆಟ್ಟಿಲು ಹತ್ತಿದರೂ ಏದುಸಿರು. ಇದಕ್ಕೆ 'ನಿರಪಾಯಕಾರಿ' ಅಂತ ಬರೆದರೆ ರೋಗಿ ಚೀಟಿ ಮಡಚಿ ಜೇಬಿಗಿಟ್ಟು ಚಿಂಚೋಳಿ ಬಸ್ ಹತ್ತುತ್ತಾನೆ, ಅಷ್ಟೇ.

'ಹರಡದ ಗಡ್ಡೆ' ಅನ್ನೋಣವೆಂದರೆ ಪ್ಯಾಪಿಲೋಮಾ ಬಿಡುವುದಿಲ್ಲ. ಎಚ್‌ಪಿವಿ ವೈರಸ್‌ನ 6 ಮತ್ತು 11ನೇ ಬಗೆಗಳಿಂದ ಬರುವ ನರುಲಿ ಇದು. ಕ್ಯಾನ್ಸರ್ ಅಲ್ಲ. ಆದರೂ ತೆಗೆದ ಮೇಲೆ ಮತ್ತೆ ಮತ್ತೆ ಬರುತ್ತದೆ, ಕೆಲವೊಮ್ಮೆ ಶ್ವಾಸನಾಳಕ್ಕೂ ಇಳಿಯುತ್ತದೆ.

ನಮ್ಮ ಕಡೆ ಜನ 'ಗಂಟು' ಅನ್ನುತ್ತಾರೆ. ಒಳ್ಳೆಯ ಪದವೇ. ಆದರೆ ಕೂಗಿ ಕೂಗಿ ಪಾಠ ಮಾಡುವ ಮೇಷ್ಟ್ರುಗಳ ಸ್ವರತಂತುಗಳಲ್ಲಿ, ಸಾಮಾನ್ಯವಾಗಿ ಎರಡೂ ಬದಿಗೆ, ಬರುವುದಕ್ಕೂ ಗಂಟು ಅಂತಲೇ ಹೆಸರು. ಅದು ಬಹುಪಾಲು ದನಿಯ ತರಬೇತಿಯಿಂದಲೇ ಇಳಿಯುತ್ತದೆ. ಗಡ್ಡೆ ಹಾಗೆ ಇಳಿಯುವುದಿಲ್ಲ. ಹೋಗಲಿ, 'ಗಡ್ಡೆ' ಅಂತಲೇ ಬರೆದರೆ? "ಗಡ್ಡಿ ಅಂದ್ರ ಕ್ಯಾನ್ಸರೇ ಅಲ್ಲೇನ್ರಿ?" ಅಂತ ಗಾಬರಿಯಾಗುತ್ತಾರೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಇದು ಕ್ಯಾನ್ಸರ್ ಅಲ್ಲದ ಗಡ್ಡೆ. ಆದರೆ ದನಿಗೆ, ಉಸಿರಿಗೆ ತೊಂದರೆ ಕೊಡಬಹುದು. ಅರಿವಳಿಕೆ ಕೊಟ್ಟು, ಬಾಯಿಯಿಂದ ಗಟ್ಟಿ ಕೊಳವೆ ಇಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ತೆಗೆಯುತ್ತಾರೆ. ದೊಡ್ಡದಿದ್ದರೆ ಕುತ್ತಿಗೆಯ ಮುಂಭಾಗ ಕೊಯ್ಯಬೇಕಾಗಬಹುದು.' ಉದ್ದವಾಯಿತು, ಆದರೆ ಸುಳ್ಳಿಲ್ಲ.

ಉಳಿದ ತೊಡಕು ಒಂದೇ. ಕ್ಯಾನ್ಸರ್ ಅಲ್ಲ ಅಂತ ಗೊತ್ತಾಗುವುದು ತುಣುಕು ತೆಗೆದು ಪರೀಕ್ಷೆ ಮಾಡಿದ ಮೇಲೆ. ಕೆಲವು ಗಡ್ಡೆಗಳು ಕ್ಯಾಮೆರಾದಲ್ಲಿ ನೋಡುವಾಗ ಕ್ಯಾನ್ಸರಿನ ಹಾಗೇ ಕಾಣುತ್ತವೆ. ವರದಿ ಬರುವ ತನಕ ಅದನ್ನು ಏನಂತ ಕರೆಯೋದು? 'ಬೆಳವಣಿಗೆ' ಅಂದರೆ ಮಕ್ಕಳ ತೂಕ-ಎತ್ತರ ನೆನಪಾಗುತ್ತದೆ, ಅಲ್ವಾ? ಬೀದರ್, ಯಾದಗಿರಿ ಕಡೆಯವರು ನಿಮ್ಮ ಮನೆಯ ಹಿರಿಯರು ಇಂಥದ್ದಕ್ಕೆ ಏನನ್ನುತ್ತಾರೆ, ಕೇಳಿ ಬರೆಯಿರಿ.