ಮುಳ್ಳು ಒಂದೂ ಮುರಿಯದ ಟ್ರೈಲೊಬೈಟ್: ಅಸಲಿ ಅಂತ ನಂಬಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ಪಳೆಯುಳಿಕೆ ಸಂಗ್ರಹ ಈಚೆಗೆ ಶುರು ಮಾಡಿದ್ದೇನೆ. ಮೊರಾಕೊದ ಟ್ರೈಲೊಬೈಟ್ (ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ, ಚಿಪ್ಪಿನ ಮೈಯ ಕಡಲಜೀವಿ) ಒಂದು ಮಾರಾಟಕ್ಕಿದೆ. ಮೈತುಂಬ ಮುಳ್ಳು, ಒಂದೂ ಮುರಿದಿಲ್ಲ, ಬೆಲೆಯೂ ಕಡಿಮೆ. ‘ನೂರಕ್ಕೆ ನೂರು ಅಸಲಿ’ ಅನ್ನುತ್ತಾರೆ. ಏನು ನೋಡಿ ಕೊಳ್ಳಲಿ?

ಉತ್ತರ: ನಮಸ್ಕಾರ. ಕಲ್ಲಿನಿಂದ ಪಳೆಯುಳಿಕೆ ಬಿಡಿಸುವುದೇ ನನ್ನ ಕೆಲಸ, ಅದಕ್ಕೇ ಹೇಳುತ್ತೇನೆ: ಮುಳ್ಳು ಹೆಚ್ಚಿದ್ದು ಬೆಲೆ ಕಡಿಮೆ ಇದ್ದರೆ ಅಲ್ಲೇ ಅನುಮಾನಪಡಿ. ಒಂದೊಂದು ಮುಳ್ಳಿನ ಸುತ್ತಲ ಕಲ್ಲನ್ನೂ ಸೂಕ್ಷ್ಮವಾಗಿ ಕೆರೆದು ತೆಗೆಯಲು ಗಂಟೆಗಟ್ಟಲೆ ಬೇಕು.

ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಮೊದಲು ಪ್ರಾಣಿಯನ್ನಲ್ಲ, ಅದು ಕಲ್ಲಿಗೆ ಸೇರುವ ಅಂಚನ್ನು ನೋಡಿ. ಅಸಲಿಯಲ್ಲಿ ಚಿಪ್ಪು ಕ್ಯಾಲ್ಸೈಟ್ ಎಂಬ ಖನಿಜದ್ದು. ಅದರ ಹೊಳಪೇ ಬೇರೆ, ಕಲ್ಲಿನ ಕಣವೇ ಬೇರೆ. ರೆಸಿನ್ ಎರಕದಲ್ಲಿ, ಅಂದರೆ ಪ್ಲಾಸ್ಟಿಕ್‌ನಂಥ ದ್ರವವನ್ನು ಅಚ್ಚಿಗೆ ಹೊಯ್ದು ಮಾಡಿದ ನಕಲಿಯಲ್ಲಿ, ಎರಡೂ ಒಂದೇ ಪದಾರ್ಥ, ಬಣ್ಣವಷ್ಟೇ ಬೇರೆ. ಸೂಜಿಮೊನೆಯಷ್ಟು ದುಂಡನೆಯ ತೂತುಗಳಿದ್ದರೆ ಅವು ಎರಕ ಹೊಯ್ಯುವಾಗ ಸಿಕ್ಕಿಕೊಂಡ ಗಾಳಿಗುಳ್ಳೆಗಳಿರಬಹುದು. ಫಾಕೊಪ್ಸ್ ಎಂಬ ಜಾತಿಯ ಟ್ರೈಲೊಬೈಟ್ ಆದರೆ ಕಣ್ಣು ನೋಡಿ: ಮಸೂರಗಳು ಸಾಲುಸಾಲಾಗಿ ಬಿಡಿಬಿಡಿಯಾಗಿ ಕಾಣಬೇಕು. ಎರಕದಲ್ಲಿ ಅವು ಕಲಸಿಹೋಗಿರುತ್ತವೆ.

ಬಿರುಕು ಕಂಡರೆ ಹೆದರಬೇಡಿ, ನನಗಂತೂ ಅದು ಸಮಾಧಾನ ಕೊಡುತ್ತದೆ. ಟ್ರೈಲೊಬೈಟ್ ಸಿಗುವುದು ಗಟ್ಟಿ ಸುಣ್ಣಕಲ್ಲನ್ನು ಒಡೆದಾಗ. ಆಗ ಪ್ರಾಣಿಯೂ ಸೀಳುತ್ತದೆ, ಆಮೇಲೆ ಅಂಟಿಸುತ್ತಾರೆ. ಹಾಗಾಗಿ ಕಲ್ಲಿನಲ್ಲಿ ಹೊರಟ ಬಿರುಕು ಪ್ರಾಣಿಯ ಮೈಯನ್ನೂ ದಾಟಿ ಹೋಗಿರಬೇಕು. ಪ್ರಾಣಿಯ ಅಂಚಿಗೆ ಬಂದು ನಿಂತುಬಿಟ್ಟರೆ ಏನೋ ಎಡವಟ್ಟಿದೆ.

ಪ್ರಶ್ನೆ (ಇನ್ನೊಬ್ಬರು): ಸೂಜಿ ಕಾಯಿಸಿ ಚುಚ್ಚಿದರೆ ಗೊತ್ತಾಗಲ್ವಾ ಮೇಡಂ?

ಉತ್ತರ: ಪ್ಲಾಸ್ಟಿಕ್ ವಾಸನೆ ಬಂದರೆ ರೆಸಿನ್ ಹೌದು. ಬರಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅನ್ನಲಾಗದು. ಕಲ್ಲಿನ ಪುಡಿ ಹೆಚ್ಚು ಬೆರೆಸಿದ್ದರೆ ಮೋಸಹೋಗುತ್ತೀರಿ. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಡುವುದು ವಾಸಿ. ಅಂಟು, ಮೆತ್ತಿದ ಪುಟ್ಟಿ, ಬಣ್ಣ ಇವು ಸಾಮಾನ್ಯವಾಗಿ ಕಲ್ಲಿಗಿಂತ ಬೇರೆಯಾಗಿ ಮಿನುಗುತ್ತವೆ, ವಸ್ತುವಿಗೂ ಹಾನಿಯಿಲ್ಲ.

ಪ್ರಶ್ನೆ (ಮತ್ತೊಬ್ಬರು): ನನ್ನ ಹತ್ತಿರ ಮೊಸಸಾರ್ (ಡೈನೊಸಾರ್ ಕಾಲದ ದೈತ್ಯ ಕಡಲ ಸರೀಸೃಪ) ದವಡೆ ಇದೆ. ಹಲ್ಲು ಖಂಡಿತ ಅಸಲಿ ಅಂದರು.

ಉತ್ತರ: ಹಲ್ಲು ಅಸಲಿಯೇ ಇರಬಹುದು, ದವಡೆ ಇರಲಿಕ್ಕಿಲ್ಲ. ಮೊರಾಕೊದ ಖೌರಿಬ್ಗಾ ಸುತ್ತಲ ಫಾಸ್ಫೇಟ್ ಗಣಿಗಳಲ್ಲಿ ಬಿಡಿ ಹಲ್ಲುಗಳು ಹೇರಳ. ಮರಳಿಗೆ ಅಂಟು ಕಲಸಿ ಅವನ್ನು ಸಾಲಾಗಿ ಕೂರಿಸಿ ದವಡೆ ಅಂತ ಮಾರುತ್ತಾರೆ. ಹಲ್ಲಿನ ಬುಡದಲ್ಲಿ ಮೂಳೆಯ ನಾರಿನಂಥ ರಚನೆ ಇದೆಯೋ ಬರೀ ಮರಳಿದೆಯೋ ನೋಡಿ.

ಇಂಥ ಅರ್ಧಸತ್ಯದ ತುಂಡುಗಳೇ ನನಗೆ ಹೆಚ್ಚು ಸಂಕಟ ಕೊಡುವುದು. 1999ರಲ್ಲಿ ಹಕ್ಕಿಗೂ ಡೈನೊಸಾರ್‌ಗೂ ಕೊಂಡಿ ಎಂದು ನ್ಯಾಷನಲ್ ಜಿಯೋಗ್ರಾಫಿಕ್ ಪ್ರಕಟಿಸಿದ, ಚೀನಾದ ಲಿಯಾವೊನಿಂಗ್‌ನ ‘ಆರ್ಕಿಯೊರಾಪ್ಟರ್’ ಕೂಡ ಹೀಗೇ. ಯಾನೊರ್ನಿಸ್ ಎಂಬ ಹಕ್ಕಿಯ ಮೈಗೆ ಮೈಕ್ರೊರಾಪ್ಟರ್ ಎಂಬ ಪುಟ್ಟ ಡೈನೊಸಾರ್‌ನ ಬಾಲ ಜೋಡಿಸಿದ್ದರು. ತುಣುಕುಗಳು ನಿಜ, ಜೋಡಣೆ ಸುಳ್ಳು. ಆ ಎರಡೂ ತಮ್ಮಷ್ಟಕ್ಕೇ ಎಷ್ಟು ಅಮೂಲ್ಯವಾಗಿದ್ದವು!

ಪ್ರಶ್ನೆ (ಮೊದಲನೆಯವರು): ಹಾಗಾದರೆ ದುರಸ್ತಿ ಮಾಡಿದ್ದನ್ನು ಕೊಳ್ಳಲೇಬಾರದಾ ಮೇಡಂ?

ಉತ್ತರ: ಧಾರಾಳವಾಗಿ ಕೊಳ್ಳಿ, ದುರಸ್ತಿ ತಪ್ಪಲ್ಲ, ಮುಚ್ಚಿಡುವುದು ತಪ್ಪು. ಯಾವ ಭಾಗ ಅಂಟಿಸಿದ್ದು, ಯಾವುದು ಹೊಸದಾಗಿ ಮಾಡಿ ಸೇರಿಸಿದ್ದು ಅಂತ ಬರೆಸಿಕೊಳ್ಳಿ. ಸಿಕ್ಕ ಜಾಗ, ಶಿಲಾಸ್ತರದ ಹೆಸರು, ಬಿಡಿಸುವ ಮುಂಚಿನ ಫೋಟೊ ಇವೂ ಇರಲಿ. ‘ಮೊರಾಕೊ’ ಅಂದಷ್ಟೇ ಹೇಳಿ ಸುಮ್ಮನಾದರೆ ಆ ತುಂಡನ್ನು ಬಿಟ್ಟುಬಿಡಿ.