ಎರಡನೇ ಮಹಾಯುದ್ಧ ಮುಗಿದ ಮೇಲೆ ಹಾಂಗ್‌ಕಾಂಗ್‌ನಲ್ಲಿ ಬ್ರಿಟನ್ ಮತ್ತೆ ಸೈನ್ಯ ಇಟ್ಟಿದ್ದು ಯಾಕೆ?

ಹಳೇನಕ್ಷೆ:
1941ರ ಡಿಸೆಂಬರ್‌ನಲ್ಲಿ ಸುಮಾರು 14 ಸಾವಿರ ಜನರ ಸೈನ್ಯ ಇದ್ದೂ ಬ್ರಿಟನ್ನಿನ ವಸಾಹತು ಹಾಂಗ್‌ಕಾಂಗ್ 18 ದಿನದಲ್ಲಿ ಜಪಾನಿನ ಕೈಗೆ ಹೋಯಿತು. 1945ರ ಆಗಸ್ಟ್ 30ಕ್ಕೆ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಹಾರ್ಕೋರ್ಟ್ ಹಡಗುಗಳ ಜೊತೆ ಬಂದು ವಾಪಸ್ ತಗೊಂಡರು. ಉಳಿಸಿಕೊಳ್ಳೋಕೆ ಆಗದ ಜಾಗ ಅಂತ ಗೊತ್ತಾದ ಮೇಲೂ ಅಲ್ಲಿ ಪಡೆ ಇಟ್ಟರಲ್ಲ, ಯಾವ ಲೆಕ್ಕದಲ್ಲಿ?

ಗಡಿಕಲ್ಲು:
ಗೆಲ್ಲೋ ಲೆಕ್ಕದಲ್ಲಂತೂ ಅಲ್ಲ. 1941ರಲ್ಲಿ ಜಿನ್ ಡ್ರಿಂಕರ್ಸ್ ಲೈನ್ ಅಂತ ಸುಮಾರು 18 ಕಿಲೋಮೀಟರ್ ಉದ್ದದ ರಕ್ಷಣಾ ಸಾಲು ಇತ್ತು, ಕಾಯೋಕೆ ಮೂರೇ ಬಟಾಲಿಯನ್ (ಒಂದೊಂದರಲ್ಲಿ ಕೆಲವು ನೂರು ಸೈನಿಕರು). ಅದರ ಮುಖ್ಯ ಠಾಣೆ ಶಿಂಗ್ ಮುನ್ ಗುಡ್ಡದ ಮೇಲೆ. ಅಲ್ಲಿನ ಸುರಂಗಗಳಿಗೆ ಲಂಡನ್ ಬೀದಿಗಳ ಹೆಸರು, ರೀಜೆಂಟ್ ಸ್ಟ್ರೀಟ್, ಶಾಫ್ಟ್ಸ್‌ಬರಿ ಅವೆನ್ಯೂ ಅಂತ. ಒಳಗೆ ಒಂದು ಕಂಪನಿ, ಅಂದರೆ ಬಟಾಲಿಯನ್ನಿನ ಒಂದು ತುಕಡಿ, ಕೂಡ ಪೂರ್ತಿ ಇರಲಿಲ್ಲ. ರಾತ್ರಿ ಹೊತ್ತು ಜಪಾನಿಯರು ಮೇಲಿನಿಂದ ಗಾಳಿಕಿಂಡಿಗಳಲ್ಲಿ ಗ್ರೆನೇಡ್ ಹಾಕಿದರು, ಬೆಳಗಾಗೋ ಹೊತ್ತಿಗೆ ಮುಗಿದಿತ್ತು. ಆಮೇಲೆ ಯಾರು ತಾನೇ ಅದೇ ಸಾಲನ್ನು ನಂಬುತ್ತಾರೆ? ಯುದ್ಧದ ನಂತರದ ಸೈನ್ಯ ಇದ್ದದ್ದು ಊರಲ್ಲಿ ಗಲಾಟೆ ಆಗದಂತೆ ನೋಡೋಕೆ, ಗಡಿ ಕಾಯೋಕೆ, ಮತ್ತೆ ‘ನಾವಿನ್ನೂ ಇಲ್ಲೇ ಇದೀವಿ’ ಅಂತ ತೋರಿಸೋಕೆ.

ಪಟಾಲಂ_47:
ಎಷ್ಟು ಜನ ಅನ್ನೋದಕ್ಕಿಂತ ಯಾರನ್ನ ಕಳಿಸೋದು ಅನ್ನೋದೇ ತಲೆನೋವು. 1941ರಲ್ಲಿ ಅಲ್ಲಿದ್ದ ಆರು ಕಾಲಾಳು ಬಟಾಲಿಯನ್‌ಗಳಲ್ಲಿ ಎರಡು ನಮ್ಮವೇ, ರಜಪೂತ್ ಮತ್ತು ಪಂಜಾಬ್. 1947 ಆದ ಮೇಲೆ ಆ ಬಾಗಿಲೇ ಮುಚ್ಚಿತು. ಸಾಲದ್ದಕ್ಕೆ ಬ್ರಿಟನ್ ಕೈಲಿ ದುಡ್ಡೂ ಇಲ್ಲ. 1948ರ ಜನವರಿ 1ಕ್ಕೆ ನಾಲ್ಕು ಗೂರ್ಖಾ ರೆಜಿಮೆಂಟ್ ಬ್ರಿಟಿಷ್ ಸೈನ್ಯಕ್ಕೆ ಸೇರಿದವು. ಮುಂದೆ ಹಾಂಗ್‌ಕಾಂಗ್ ಗಡಿ ಕಾದದ್ದು ಜಾಸ್ತಿ ಅವರೇ.

ಗಡಿಕಲ್ಲು:
ಹೌದು, ಆದರೆ ಚಿಕ್ಕ ಪಡೆ ಸಾಕು ಅನ್ನೋ ಲೆಕ್ಕ 1949ರಲ್ಲಿ ತಲೆಕೆಳಗಾಯಿತು. ಚೀನಾದ ಕಮ್ಯುನಿಸ್ಟ್ ನಾಯಕ ಮಾವೋನ ಸೈನ್ಯ ಗಡಿವರೆಗೂ ಬಂತು, ಬ್ರಿಟಿಷರು ಪಡೆಯನ್ನ ಸುಮಾರು 30 ಸಾವಿರಕ್ಕೆ ಏರಿಸಿದರು. ಟ್ಯಾಂಕು, ಸ್ಪಿಟ್‌ಫೈರ್ ವಿಮಾನ ಎಲ್ಲ ಬಂದವು.

ಹಳೇನಕ್ಷೆ:
ಅಷ್ಟೂ ಜನ ಅಲ್ಲೇ ಸುಮ್ನೆ ಕೂತಿದ್ರಾ?

ಪಟಾಲಂ_47:
ಎಲ್ಲಿ ಕೂರೋದು! 1950ರ ಆಗಸ್ಟ್‌ನಲ್ಲಿ ಎರಡು ಬಟಾಲಿಯನ್ ಅಲ್ಲಿಂದಲೇ ಕೊರಿಯಾ ಯುದ್ಧಕ್ಕೆ ಹೊರಟವು. ಅದರಲ್ಲಿ ಒಂದು 1ನೇ ಮಿಡ್ಲ್‌ಸೆಕ್ಸ್, 1941ರಲ್ಲಿ ಇದೇ ಹಾಂಗ್‌ಕಾಂಗ್‌ನಲ್ಲಿ ಪೂರ್ತಿ ಸೆರೆಯಾಗಿ, ಆಮೇಲೆ ಹೊಸದಾಗಿ ಕಟ್ಟಿದ ಬಟಾಲಿಯನ್.