ಸಹಾಯ ಬೇಕು: ಸೆಲ್ಯುಲೋಸ್ ಪದರ ದಪ್ಪ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸುಟ್ಟ ಗಾಯದ ಡ್ರೆಸಿಂಗ್‌ಗೆ ಆಗುವಂಥ ಬ್ಯಾಕ್ಟೀರಿಯಲ್ ಸೆಲ್ಯುಲೋಸ್ (ಬ್ಯಾಕ್ಟೀರಿಯಾ ದ್ರವದ ಮೇಲೆ ಕಟ್ಟುವ ನಾರಿನ ಪದರ) ಬೆಳೆಸುವುದು ನನ್ನ ಎಂಎಸ್ಸಿ ಪ್ರಾಜೆಕ್ಟ್. ಬ್ಯಾಕ್ಟೀರಿಯಾ ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್.

ಮೊದಲು ಇದಕ್ಕೆ ಸಾಮಾನ್ಯವಾಗಿ ಬಳಸುವ ಪೋಷಕ ದ್ರವ, ಹೆಸ್ಟ್ರಿನ್-ಶ್ರಾಮ್ ಮೀಡಿಯಂ ಬಳಸಿದೆ. ಲೀಟರಿಗೆ ಗ್ಲೂಕೋಸ್ 20 ಗ್ರಾಂ, ಪೆಪ್ಟೋನ್ (ಒಡೆದ ಪ್ರೋಟೀನ್), ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ತಲಾ 5 ಗ್ರಾಂ, ಪಿಎಚ್ 6. 30 ಡಿಗ್ರಿಯಲ್ಲಿ ಅಲುಗಾಡಿಸದೆ ಇಟ್ಟೆ. ಹತ್ತು ದಿನಕ್ಕೆ ಎಳನೀರಿನ ಗಂಜಿಯ ಹಾಗೆ ಪದರ ಬಂತು, ಖುಷಿಯಾಯಿತು. ಆದರೆ ಪೆಪ್ಟೋನ್ ದುಬಾರಿ ಅಲ್ವಾ? ಫಿಲಿಪೈನ್ಸ್‌ನಲ್ಲಿ ತೆಂಗಿನಕಾಯಿ ನೀರಲ್ಲೇ ನಾಟಾ ಡಿ ಕೊಕೊ (ಇದೇ ಸೆಲ್ಯುಲೋಸ್‌ನ ಜೆಲ್ಲಿಯಂಥ ತಿನಿಸು) ಮಾಡುತ್ತಾರೆ ಎಂದು ನಾನೂ ಪೆಪ್ಟೋನ್ ಬಿಟ್ಟು, ಬಲಿತ ಕಾಯಿಯ ನೀರಿಗೆ ಗ್ಲೂಕೋಸ್ ಹಾಕಿದೆ. ಈಗ ಬರುವುದು ಟಿಶ್ಯೂ ಪೇಪರ್‌ನಷ್ಟು ತೆಳು ಪದರ. ಚಿಮಟದಲ್ಲಿ ಎತ್ತಿದರೆ ಹರಿಯುತ್ತದೆ. ಪಿಎಚ್ 3.2ಕ್ಕೆ ಇಳಿದಿತ್ತು. ಗ್ಲೂಕೋಸ್ ಸೆಲ್ಯುಲೋಸ್ ಆಗದೆ ಗ್ಲುಕೋನಿಕ್ ಆಸಿಡ್ ಆಗಿ ಹೋಗುತ್ತಿದೆ ಅಂತ ನನ್ನ ಅನುಮಾನ. ಶೇಕರ್‌ನಲ್ಲೂ ಇಟ್ಟು ನೋಡಿದೆ, ಸುಮ್ನೆ ಗಂಟು ಗಂಟು.

ಗ್ಲೂಕೋಸ್ ಬದಲು ಗ್ಲಿಸರಾಲ್ ಹಾಕಿದವರು ಯಾರಾದರೂ ಇದ್ದೀರಾ? ಶೇಕಡಾ 1 ಎಥನಾಲ್ ಸೇರಿಸುವುದಾದರೆ ಮೊದಲ ದಿನವೇ ಹಾಕಬೇಕಾ, ಪದರ ಕಟ್ಟಲು ಶುರುವಾದ ಮೇಲಾ? ಗಾಳಿ ತಾಗುವ ಜಾಗ ಹೆಚ್ಚಲಿ ಎಂದು ಫ್ಲಾಸ್ಕ್ ಬಿಟ್ಟು ಅಗಲ ಟ್ರೇಗೆ ಹೋಗುವ ಯೋಚನೆಯೂ ಇದೆ. ಆದರೆ ಬೂಷ್ಟು ಹಿಡಿಯುವ ಭಯ.

ಇನ್ನೊಂದು. ಪದರವನ್ನು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 80 ಡಿಗ್ರಿಗೆ ಒಂದು ಗಂಟೆ ಬಿಸಿ ಮಾಡಿ ತೊಳೆದರೂ ಕಂದು ಛಾಯೆ ಉಳಿಯುತ್ತಿದೆ. ಈ ಬ್ಯಾಕ್ಟೀರಿಯಾ ಗ್ರಾಂ ನೆಗೆಟಿವ್ ಗುಂಪಿನದು, ಪದರ ಗಾಯಕ್ಕೆ ಹಾಕುವ ವಸ್ತು, ಹಾಗಾಗಿ ಎಂಡೋಟಾಕ್ಸಿನ್ (ಆ ಗುಂಪಿನ ಹೊರಪೊರೆಯಲ್ಲಿರುವ ವಿಷ) ಉಳಿಯಬಾರದು. ನೀವು ಎಷ್ಟು ಸಲ ತೊಳೆಯುತ್ತೀರಿ?